ನಿಂತವಳ ಲೆಕ್ಕ

ಮಲಗಿಸಿ ಎಣಿಸಿದರು: ಎಪ್ಪತ್ತೆರಡು.
ನಿಲ್ಲಿಸಿ ಎಣಿಸಿದರು: ನೂರಾ ಇಪ್ಪತ್ತೆಂಟು.
ಗೋಡೆಗೆ ಒರಗದೆ ಹತ್ತು ನಿಮಿಷ ನಿಂತೆ, ಅಷ್ಟೇ.
ಓಡಿದ್ದು ನಾನಲ್ಲ.

"ರಕ್ತ ಕಾಲಿಗಿಳಿದು ಕೂತುಬಿಡುತ್ತೆ ತಾಯಿ,
ಮೇಲೆ ಬಾ ಅಂದರೆ ಬರೋದಿಲ್ಲ,
ಇರೋದೂ ಸ್ವಲ್ಪ ಕಮ್ಮಿ."
ಡಾಕ್ಟರ್ ಹಾಲಪ್ಪ ಚೀಟಿಯಲ್ಲಿ ಮೊದಲು ಬರೆದದ್ದು
ಮಾತ್ರೆಯಲ್ಲ, ಉಪ್ಪು.
ಆಮೇಲೆ ಮೂರು ಲೀಟರ್ ನೀರು, ಬಿಗಿ ಕಾಲುಚೀಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕು.
ಜಗಳದಲ್ಲಿ ಬೆರಳು ತೋರಿಸಿ ಆಡುವ ಮಾತು
ನನ್ನ ಪಾಲಿಗೆ
ದಿನಕ್ಕೆ ಮೂರು ಹೊತ್ತು, ಊಟದ ಜೊತೆ.

ಚೌಕಿಪೇಟೆಯ ಸೀರೆ ಅಂಗಡಿಯಲ್ಲಿ
ಗಾದಿ ಗಿರಾಕಿಗೆ, ಕುರ್ಚಿ ಯಜಮಾನರಿಗೆ.
ಹತ್ತರಿಂದ ಒಂಬತ್ತು
ಸೆರಗು ಬಿಡಿಸು, ಅಂಚು ತೋರಿಸು, ಮಡಿಸು.
ಮೂರು ಸಲ ಬಿದ್ದಿದ್ದೇನೆ.
ಒಮ್ಮೆ ಇಳಕಲ್ ಸೀರೆಗಳ ಮೇಲೆ, ಮೆತ್ತಗೆ.
ಎರಡು ಸಲ ಬರೀ ನೆಲಕ್ಕೆ.
"ನಾಟಕ" ಅಂದರು ಯಜಮಾನರು.
"ಏನಾದ್ರೂ ವಿಶೇಷಾನಾ?" ಗಿರಾಕಿಯೊಬ್ಬಳು ನಕ್ಕಳು.
ಕೊಟ್ರಮ್ಮ ಮಾತಾಡಲಿಲ್ಲ,
ನನ್ನ ಕಾಲೆತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

ಅಮ್ಮಿ ಮಂಡಕ್ಕಿ ಭಟ್ಟಿಯವಳು.
ಅಕ್ಕಿ ಎಷ್ಟು ಉಪ್ಪುನೀರು ಕುಡಿದರೆ
ಬಿಸಿ ಮರಳಲ್ಲಿ ಅರಳುತ್ತದೆ,
ಎಲ್ಲಿ ತಪ್ಪಿದರೆ ಕಾಳು ಮುರುಟಿ ಕೂರುತ್ತದೆ,
ಅವಳ ಬೊಗಸೆಗೆ ಗೊತ್ತು.
"ಹತ್ತು ಗ್ರಾಂ ಅಂದ್ರೆ?" ಅಂದಳು.
ಅಂಗೈ ಮೇಲೆ ಹಾಕಿಕೊಂಡು, ತೂಗಿ, ಚೂರು ತೆಗೆದು,
ಮತ್ತೆ ಹಾಕಿ, ಕಾಗದದಲ್ಲಿ ಕಟ್ಟಿದಳು.
ಕಿರಾಣಿ ತಕ್ಕಡಿ ಒಂಬತ್ತೂವರೆ ಅಂತು.
ತಕ್ಕಡಿ ಸರಿಯಿಲ್ಲ ಅಂದಳು ಅಮ್ಮಿ.

ಅಬ್ಬಾಗೆ ಬೀಪಿ.
ಅವರ ಸಾರಿಗೆ ಉಪ್ಪು ಬಿಟ್ಟು ಐದು ವರ್ಷ.
ಈಗ ಒಂದೇ ಒಲೆ, ಎರಡು ಪಾತ್ರೆ,
ನನ್ನ ತಟ್ಟೆಯಂಚಿನ ಉಪ್ಪಿನಕಾಯಿಯನ್ನು
ಕದ್ದು ನೋಡುತ್ತಾರೆ ಮುದುಕರು.
"ನನ್ನ ಪಾಲೂ ನೀನೇ ತಿನ್ನು ಮಗಾ."
ನನ್ನದೇ ರಕ್ತ ಅಂತ ಎಲ್ಲರೆದುರು ಹೇಳಿಕೊಳ್ಳುವವರು.
ಹೇಗೆ ಹೇಳಲಿ,
ನಿಮ್ಮದು ಒತ್ತುತ್ತದೆ ಅಬ್ಬಾ,
ನನ್ನದು ಸಾಲದೆ ಅಲೆಯುತ್ತದೆ.

ವಾಸಿಯಾಗಿಲ್ಲ. ಬಿಸಿಲಿಗೆ ಇನ್ನೂ
ಅಂಗಡಿಯ ದೀಪಗಳೆಲ್ಲ ದೂರ ಸರಿಯುತ್ತವೆ.
ರವಿಕೆ ಕಣಗಳ ಗಂಟೊಂದನ್ನು ಕೊಟ್ರಮ್ಮ
ಕೌಂಟರಿನ ಹಿಂದೆ ಮರೆತಂತೆ ಇಟ್ಟಿದ್ದಾಳೆ,
ಕೂರುವಷ್ಟು ಎತ್ತರಕ್ಕೆ.

ನಿನ್ನೆ ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿತ್ತು.
ಗೂಡ್ಸ್ ಗಾಡಿ. ಕೂರಲು ಕಲ್ಲೂ ಇಲ್ಲ.
ಕಾಲು ಹೆಣೆದು, ಮೀನಖಂಡ ಬಿಗಿಹಿಡಿದು,
ಬಾಟಲಿಯ ಉಪ್ಪುನೀರು ಗುಟುಕರಿಸುತ್ತ
ನಾಡಿ ಬಿಟ್ಟು ಬೋಗಿ ಎಣಿಸಿದೆ.
ನಲವತ್ತೊಂದಕ್ಕೋ ನಲವತ್ತೆರಡಕ್ಕೋ ಲೆಕ್ಕ ತಪ್ಪಿತು.
ಗೇಟು ಎದ್ದಿತು. ಹಿಂದಿನ ಆಟೋದವ
"ನಡೀಯಮ್ಮಾ, ಎಷ್ಟೊತ್ತು ನಿಲ್ತೀ" ಅಂದ.