ಮೊದಲು ಓದಬೇಕಾದ ಕಡತ

ಈ ಫೋಲ್ಡರು ತೆರೆದವರೇ,
ನೀವು ಯಾರೋ, ಯಾವ ವರ್ಷದವರೋ,
ಮೊದಲು ಇದನ್ನು ಓದಿ,
ಆಮೇಲೆ ಅಂಕಿಗಳಿಗೆ ಕೈ ಹಚ್ಚಿ.

ನಲವತ್ತು ಮನೆ, ಎರಡು ಬೇಸಿಗೆ.
ಶಹಾಬಾದಿನ ಫರಸಿಕಲ್ಲಿನ ಮಾಳಿಗೆ ಅರ್ಧ, ತಗಡು ಅರ್ಧ.
ತೊಲೆಗೆ ಕಟ್ಟಿದ್ದು ಬೆಂಕಿಪೊಟ್ಟಣದಷ್ಟು ಡಬ್ಬಿ;
ಹದಿನೈದು ನಿಮಿಷಕ್ಕೊಮ್ಮೆ ಅದು
ಮನೆಯೊಳಗಿನ ಕಾವು ಬರೆದುಕೊಳ್ಳುತ್ತಿತ್ತು.
ಯಾರಿಗೆ ನಿದ್ದೆ ಬರಲಿಲ್ಲ ಅನ್ನುವುದು ಇದರಲ್ಲಿ ಸಿಗದು.
ಆ ಕಾಲಮ್ಮು ನಾವು ಹಾಕಿಕೊಂಡಿರಲಿಲ್ಲ.

ತಾರೀಖು: ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ.
ಇಷ್ಟು ಕಲಿಯಲು ಒಂದು ಇಡೀ ಏಪ್ರಿಲ್ ಖರ್ಚಾಯಿತು.
ಜಗದೇವಿಯ ಕಂಪ್ಯೂಟರಿನಲ್ಲಿ ಮೇ ಮೂರು ಆಗಿದ್ದದ್ದು
ನನ್ನದರಲ್ಲಿ ಮಾರ್ಚ್ ಐದಾಗಿ ಕೂತಿತ್ತು.
"ಮಾರ್ಚಿನಾಗೇ ನಲವತ್ಮೂರಾ?" ಅಂತ
ಗೈಡು ಕನ್ನಡಕ ತೆಗೆದು ನನ್ನನ್ನು ನೋಡಿದರು.

ಖಾಲಿ ಖಾನೆ ಸೊನ್ನೆಯಲ್ಲ.
ಸೊನ್ನೆ ಅಂದರೆ ನೀರು ಗಡ್ಡೆಕಟ್ಟುವ ಚಳಿ;
ಬೇಸಿಗೆಯ ಶಹಾಬಾದಿನ ಮೇಲೆ ಹಿಮ ಸುರಿಸಿದ ಪಾಪ
ಒಮ್ಮೆ ನನ್ನ ಕೈಯಿಂದ ಆಗಿದೆ.
ಖಾಲಿ ಅಂದರೆ ಸೆಲ್ಲು ತೀರಿರಬಹುದು,
ಇಲಿ ದಾರ ಕಡಿದಿರಬಹುದು,
ಸುಣ್ಣ ಹೊಡೆಯುವಾಗ ಇಳಿಸಿಟ್ಟು ಮರೆತಿರಬಹುದು.
ಕಾರಣ ತಿಳಿದಲ್ಲಿ ಪಕ್ಕದಲ್ಲೇ ಬರೆದಿದ್ದೇನೆ.
ತಿಳಿಯದಲ್ಲಿ "ಗೊತ್ತಿಲ್ಲ" ಅಂತಲೇ ಬರೆದಿದ್ದೇನೆ,
ಹನ್ನೆರಡು ಕಡೆ.
ಮೊದಲನೆಯದನ್ನು ಬರೆಯಲು ಒಂದು ಮಧ್ಯಾಹ್ನ ಹಿಡಿಯಿತು.

ಇನ್ನು ಮನೆ ಇಪ್ಪತ್ಮೂರು.

ಮೇ ಹನ್ನೊಂದರಿಂದ, ರಾತ್ರಿ ಎರಡು ದಾಟಿತೋ ಇಲ್ಲವೋ,
ಮೂವತ್ತಾರು ಇದ್ದದ್ದು ಇಪ್ಪತ್ತೇಳಕ್ಕೆ ಇಳಿಯುತ್ತದೆ,
ನಾಲ್ಕರ ಹೊತ್ತಿಗೆ ಮತ್ತೆ ಏರುತ್ತದೆ.
ಹದಿನಾರು ರಾತ್ರಿ ಹೀಗೆ.
ಗ್ರಾಫಿನಲ್ಲಿ ಸಾಲಾಗಿ ಹದಿನಾರು ಬಾವಿ ತೋಡಿದ ಹಾಗೆ.
"ಸೆನ್ಸರ್ ಕೆಟ್ಟದ, ತೆಗೆದುಬಿಡು" ಅಂದರು ಗೈಡು.
"ತೆಗೆದ್ರ ಗೆರಿ ಚಂದ ಬರ್ತದ" ಅಂದ ರುಕ್ಮೋದ್ದೀನ.
ನಿಜ. ತೆಗೆದು ನೋಡಿದೆ. ಚಂದ ಬಂತು.

ಮರುದಿನ ಬೆಳಗಿನ ಪ್ಯಾಸೆಂಜರಿಗೆ ಹೋದೆ.

"ನಳದ ನೀರು ಬರೂದೇ ಎರಡಕ್ಕರೀ.
ಕೊಡ ತುಂಬಿಕೊಂಡು, ಬಟ್ಟಿ ಹಸಿ ಮಾಡಿ
ಕೂಸಿನ ಮೈ ಒರಸ್ತೀನಿ.
ಹಂಗೇ ಒಂದಿನ ಮ್ಯಾಲ ನೋಡ್ದೆ.
ಅದೂ ಪಾಪ, ಹಗಲೂ ರಾತ್ರಿ ಸೆಕಿಗಿ ನೇತಾಡ್ತದ.
ಅದಕ್ಕೂ ಒಂದು ತುಂಡು ಸುತ್ತಿದೆ.
ತಪ್ಪಾಯ್ತೇನ್ರಿ?"

ಹೌದು ಅನ್ನುವುದು ನನ್ನ ಕೆಲಸವಾಗಿತ್ತು.
ಚಹಾ ಕುಡಿದು ಬಂದೆ.

ಆ ಹದಿನಾರು ರಾತ್ರಿ ಅಳಿಸಿಲ್ಲ.
ಮೂಲ ಕಡತದಲ್ಲಿ ಇದ್ದಲ್ಲೇ ಇವೆ; ಅದಕ್ಕೆ ಬೀಗ ಹಾಕಿದೆ,
ಓದಬಹುದು, ತಿದ್ದಲು ಬರುವುದಿಲ್ಲ.
ಲೆಕ್ಕದ ಪ್ರತಿಯಲ್ಲಿ ಮಾತ್ರ ಹೊರಗಿಟ್ಟಿದ್ದೇನೆ.
ಷರಾ ಖಾನೆಯಲ್ಲಿ ಹೀಗಿದೆ:
"ಉಪಕರಣಕ್ಕೆ ಒದ್ದೆ ಬಟ್ಟೆ ಸುತ್ತಲಾಗಿದೆ."
ಸುತ್ತಲಾಗಿದೆಯಂತೆ!
ಯಾರು ಸುತ್ತಿದರು ಅಂತ ಕರ್ಮಣಿ ಪ್ರಯೋಗ ಹೇಳುವುದಿಲ್ಲ,
ಹೇಳಲೂ ಬಾರದು.
ಹೆಸರುಗಳ ಪಟ್ಟಿ ಬೇರೆ ಕಪಾಟಿನಲ್ಲಿದೆ, ಬೇರೆ ಕೀಲಿಯಲ್ಲಿ;
ಐದು ವರ್ಷಕ್ಕೆ ಸುಟ್ಟುಬಿಡುತ್ತೇವೆಂದು
ಇಪ್ಪತ್ತಾರು ಸಹಿ, ಹದಿನಾಲ್ಕು ಹೆಬ್ಬೆಟ್ಟಿಗೆ
ಮಾತು ಕೊಟ್ಟಾಗಿದೆ.
ಆದ್ದರಿಂದ ಇಲ್ಲೂ ಹೆಸರಿಲ್ಲ.

ಪ್ರತಿಗಳು ಮೂರು.
ವಿಭಾಗದ ಸರ್ವರಿನಲ್ಲಿ ಒಂದು, ಕರೆಂಟು ಇದ್ದಾಗ.
ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಒಂದು.
ಇನ್ನೊಂದು ಆಳಂದದಲ್ಲಿ ನಮ್ಮಕ್ಕನ ಟ್ರಂಕಿನೊಳಗೆ,
ಮದುವೆ ಸೀರೆಯ ಮಡಿಕೆಯಲ್ಲಿ.
ಗೈಡಿಗೆ ಈ ಮೂರನೆಯದರ ಸುದ್ದಿ ಬೇಡ.

"ಫೈನಲ್", "ಫೈನಲ್ ಎರಡು", "ಇದೇ ಫೈನಲ್" ಅನ್ನುವ ಕಡತ ಕಂಡರೆ
ನಂಬಬೇಡಿ, ಅವು ನನ್ನವೇ.

ಸರಾಸರಿ ತೆಗೆಯುವ ಮುಂಚೆ ಇಪ್ಪತ್ಮೂರರ ಷರಾ ಓದಿ.
ಆ ರಾತ್ರಿಗಳಲ್ಲಿ ಆ ಮನೆಯ ನಿಜವಾದ ಕಾವು ಎಷ್ಟಿತ್ತೋ
ಗೊತ್ತಿಲ್ಲ. ಇದು ಹದಿಮೂರನೆಯದು.

ಕೇಳುವುದಿದ್ದರೆ ಕೆಳಗೆ ನನ್ನ ನಂಬರಿದೆ.
ರಾತ್ರಿ ಎರಡಾದರೂ ನಡೆಯುತ್ತದೆ;
ಬೇಸಿಗೆಯಾದರೆ
ಎಚ್ಚರವೇ ಇರುತ್ತೇನೆ.