ಮೂರನೇ ಪ್ರತಿ

ದೂರಿನ ಪುಸ್ತಕ ಕೊಡಿ ಎಂದೆ.
ಗ್ರಾಸಿಯೆತ್ ಕನ್ನಡಕ ಹಣೆಗೇರಿಸಿ ನೋಡಿದಳು.
ಬೇರೆ ಯಾವ ಪುಸ್ತಕ ಕೇಳಿದ್ದರೂ ಇಷ್ಟು ಬೇಗ ಸಿಗುತ್ತಿರಲಿಲ್ಲ;
ಇದನ್ನು ಕೇಳಿದವರಿಗೆ ಕೊಡಲೇಬೇಕು, ಕಾನೂನು.
ಕೆಂಪು ರಟ್ಟು, ಪುಟಕ್ಕೆ ಮೂರು ಪ್ರತಿ:
ಒಂದು ಸರ್ಕಾರಕ್ಕೆ, ಒಂದು ದೂರಿದವರಿಗೆ,
ಒಂದು ಇಲ್ಲೇ, ಪುಸ್ತಕದ ಹೊಟ್ಟೆಯಲ್ಲಿ.

ಕೂತು ಬರೀರಿ ಅಂದಳು.
ಕೂತೆ, ಹೀಟರಿನ ಪಕ್ಕದ ನನ್ನ ಎಂದಿನ ಕುರ್ಚಿಯಲ್ಲಿ.
ಹೀಟರು ಎಂದರೆ ಹೆಸರಿಗೆ.
ಕಳೆದ ಚಳಿಗಾಲ ಸತ್ತದ್ದು, ಯಾರೂ ಇನ್ನೂ ಮಣ್ಣು ಮಾಡಿಲ್ಲ.
ಪೆನಿಶೆಯ ಗಾಳಿಗೆ ಕಿಟಕಿ ಬೇಕಿಲ್ಲ,
ಗೋಡೆಯ ಮೂಲಕವೇ ಬಂದು
ನಾನು ಓದಿ ಮುಗಿಸುವ ಮೊದಲೇ ಪುಟ ಮಗುಚುತ್ತದೆ.

ದೂರನ್ನು ಮನಸ್ಸಿನಲ್ಲೇ ಮಸೆದು ಮಸೆದು ತಂದಿದ್ದೆ:
ಹತ್ತಕ್ಕೆ ತೆಗೆದು ಹನ್ನೆರಡೂವರೆಗೆ ಮುಚ್ಚುತ್ತೀರಿ,
ಎರಡಕ್ಕೆ ತೆಗೆದು ಐದಕ್ಕೆ ಮುಚ್ಚುತ್ತೀರಿ,
ಸೋಮವಾರ ಇಲ್ಲ, ಆಗಸ್ಟ್ ಇಡೀ ಇಲ್ಲ.
ನನ್ನ ಪಾಳಿ ಬಿಡುವುದು ನಾಲ್ಕಕ್ಕೆ.
ಕಾರ್ಖಾನೆಯಿಂದ ಇಲ್ಲಿಗೆ ಇಪ್ಪತ್ತು ನಿಮಿಷ, ಓಡುನಡಿಗೆ.
ಉಳಿದ ನಲವತ್ತರಲ್ಲಿ ಕೊನೆಯ ಹದಿನೈದು
ಗ್ರಾಸಿಯೆತ್ ದೀಪ ಆರಿಸುವುದಕ್ಕೆ ಹೋಯಿತು,
ಒಂದೊಂದೇ ಸಾಲು,
ನನ್ನ ತಲೆಯ ಮೇಲಿನದು ಕೊನೆಗೆ. ಅಷ್ಟು ದಯೆ.

ದೊಡ್ಡ ಅಕ್ಷರದ ಪುಸ್ತಕ ಇರುವುದೇ ಹನ್ನೊಂದು.
ಹನ್ನೊಂದನ್ನೂ ಎರಡೆರಡು ಸಲ ಓದಿದೆ.
ಹಡಗಿನ ಡಾಕ್ಟರನ ಕಥೆಯಲ್ಲಿ ಕೊನೆಯ ಹಾಳೆಯೇ ಇಲ್ಲ.
ಆತ ದಡ ಸೇರಿದನೋ ಇಲ್ಲವೋ ಕೇಳಿದರೆ
'ಸೇರಿರಬೇಕು' ಅಂದಿದ್ದಳು ಗ್ರಾಸಿಯೆತ್, ಬೀಗದ ಕೈ ಹುಡುಕುತ್ತ.

ಖಾಲಿ ಪುಟಕ್ಕಾಗಿ ತಿರುವುತ್ತ ಹೋದೆ.
ಮೂರನೇ ಪ್ರತಿಗಳು. ನೀಲಿ, ಮಸುಕು,
ಮಂಜಿನೊಳಗಿಂದ ಯಾರೋ ಮಾತಾಡಿದ ಹಾಗೆ.
ಶೌಚಾಲಯದ ಕೀಲಿಯನ್ನು ಎಲ್ಲರೆದುರು ಕೇಳಬೇಕು, ನಾಚಿಕೆ, ಎಂದೊಬ್ಬರು.
ನಿವೃತ್ತ ಮೇಷ್ಟ್ರು ಎರ್ಮೀನಿಯು ಅವರದು ನಾಲ್ಕು,
ನಾಲ್ಕೂ ಸೂಚನಾಫಲಕದ ಒಂದೇ ಅಲ್ಪವಿರಾಮದ ಮೇಲೆ.
ಯಾವುದೋ ಮಗು: ಡೈನೊಸಾರು ಸಾಲದು.

ಆಮೇಲೆ ಇದು. ಎರಡು ಚಳಿಗಾಲದ ಹಿಂದಿನದು, ದುಂಡು ಅಕ್ಷರ.
'ದಿನಾ ನಾಲ್ಕು ಇಪ್ಪತ್ತಕ್ಕೆ ಒಬ್ಬ ಹೆಂಗಸು ಬಂದು
ಹೀಟರಿನ ಬಳಿ ಕೂರುತ್ತಾಳೆ.
ಬಿಸಿಗೆ ಮೀನಿನ ವಾಸನೆ ಕೋಣೆ ತುಂಬ ಏಳುತ್ತದೆ.
ಅವಳು ಮುಟ್ಟಿದ ಪುಸ್ತಕ ಮನೆಗೆ ಒಯ್ಯಲಾರೆವು.
ದಯವಿಟ್ಟು ಕ್ರಮ ಕೈಗೊಳ್ಳಿ.'
ಹೆಸರಿನ ಜಾಗದಲ್ಲಿ ಮಸಿ ಸರಿಯಾಗಿ ಇಳಿದಿಲ್ಲ,
ಒಂದು ದೊಡ್ಡಕ್ಷರ, ಅದರ ಬಾಲ, ಅಷ್ಟೇ.

ಕೈ ಮೂಸಿಕೊಂಡೆ. ನನಗೇನೂ ಬರಲಿಲ್ಲ.
ಇಪ್ಪತ್ತಾರು ವರ್ಷ ಸಾರ್ಡೀನಿನ ತಲೆ ಕೊಯ್ದಿದ್ದೇನೆ,
ಮೂಗು ಯಾವತ್ತೋ ರಾಜಿಯಾಗಿದೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಉಪ್ಪು ಸವರಿದವರು?

ಗ್ರಾಸಿಯೆತ್ ತಾರೀಖಿನ ಮೊಹರು ತಿರುಗಿಸುತ್ತಿದ್ದಳು, ತಲೆಯೆತ್ತದೆ.
ಏನು ಕ್ರಮ ಕೈಗೊಂಡಿರಿ ಎಂದು ಕೇಳಲಿಲ್ಲ.
ಆ ಚಳಿಗಾಲದಲ್ಲೇ ಅಲ್ಲವೆ
ನಾನು ಬರುವ ಹೊತ್ತಿಗೆ ಸರಿಯಾಗಿ
ಅವಳು ಕಿತ್ತಳೆ ಸುಲಿಯಲು ಶುರುಮಾಡಿದ್ದು,
ಸಿಪ್ಪೆಯನ್ನು ಹೀಟರಿನ ಮೇಲೆ ಹರಡಿದ್ದು,
ನಿಮಗೂ ಎರಡು ತೊಳೆ, ತಗೊಳ್ಳಿ, ಅಂದದ್ದು.
ಹೀಟರು ಸತ್ತ ಮೇಲೂ ಸಿಪ್ಪೆ ಅಲ್ಲೇ ಇಡುತ್ತಾಳೆ.

ಖಾಲಿ ಪುಟ ಸಿಕ್ಕಿತು.
ಒತ್ತಿ ಬರೀರಿ, ಮೂರನೆಯದರಲ್ಲೂ ಮೂಡಬೇಕು, ಅಂದಳು.
ಒತ್ತಿ ಬರೆದೆ: ಸಂಜೆ ಏಳರವರೆಗೆ ತೆರೆದಿಡಿ.
ಮನೆಗೆ ಹೋಗಿ, ನಿಂಬೆ ಉಜ್ಜಿ ಕೈ ತೊಳೆದು,
ಬೇರೆ ಅಂಗಿ ತೊಟ್ಟು ಬರುವಷ್ಟು ಹೊತ್ತು ಬೇಕು.
ದೂರಿದವರು: ಜುಲ್ಮೀರಾ ಫಗುಂದೆಸ್.
ಪೂರ್ತಿ ಬರೆದೆ, ಬಿಡಿಬಿಡಿಯಾಗಿ.
ಹಡಗಿನ ಡಾಕ್ಟರನ ವಿಷಯಕ್ಕೆ
ಜಾಗ ಉಳಿದಿರಲಿಲ್ಲ.