ವಾಡಿ ಜಂಕ್ಷನ್, ವೇಗ ಆರು

ಖಮರ್ ಚಾಚಿ ಮನ್ಯಾಗ ಟಿ.ವಿ. ಇತ್ತು,
ಸಿಮೆಂಟ್ ಧೂಳು ಕೂಡಬಾರದಂತ ಅದರ ಮ್ಯಾಲ ಹಸಿರು ಮಖಮಲ್ಲು.
ಐತ್ವಾರ ಹನ್ನೊಂದಕ್ಕ ಅದನ್ನ ಸರಿಸಿದ್ರ
ನಾವು ಏಳು ಮಂದಿ ಫರಸಿ ಮ್ಯಾಲ ಕುಂತು
ನೌಕೆ ಬರೋ ದಾರಿ ಕಾಯ್ತಿದ್ವಿ.

ಅದು ಬೆಳಕಿಗಿಂತ ಜೋರು ಹೋಗ್ತಿತ್ತು.
ಹ್ಯಾಂಗಂತ ಯಾರೂ ಕೇಳಲಿಲ್ಲ.
ಸೊಲ್ಲಾಪುರ ಪ್ಯಾಸೆಂಜರ್ ಟೈಮಿಗಿ ಬರ್ತದಂದ್ರ ನಂಬದ ಊರು
ಇದನ್ನ ನಂಬಿತ್ತು.

ನಲವತ್ತನೇ ಕಂತು ಇರಬೇಕು.
ಸಣ್ಣದೊಂದು ಗ್ರಹದಿಂದ ಮುದುಕಿ ಬಂದ್ಲು, ಕೈಯಾಗ
ಹರಕು ಬಟ್ಟೆಯಂಥಾ ನಕಾಶೆ.
"ನೀವು ಆರನೇ ವೇಗ ದಾಟಿದಾಗೊಮ್ಮೆ
ನಮ್ಮ ಕಡಿ ಆಕಾಶ ಎಳೆ ಬಿಡ್ತದ" ಅಂದ್ಲು.
ಆಕಿ ದನಿ ಹಿಂದಿಯೊಳಗ ಡಬ್ ಆಗಿತ್ತು,
ತುಟಿ ನಿಂತ ಮ್ಯಾಲೂ ಮಾತು ನಡದಿತ್ತು.
ಕಪ್ತಾನ ಟೋಪಿ ತೆಗದ. ಸಭಾ ಸಹಿ ಹಾಕ್ತು:
ಇನ್ನು ಮುಂದ ಯಾರೂ ಆರು ದಾಟಬಾರದು.
ಮೊಯಿನ್ ಅತ್ತ. ನಾ ಅಳಲಿಲ್ಲ, ಬರಕೊಂಡೆ,

ಅಪ್ಪ ತಂದ ರೈಲ್ವೆ ಡೈರ್ಯಾಗ, ಕಂತಿಗೊಂದು ಗೆರಿ.
ನಲವತ್ತೊಂದು: ಆರು.
ನಲವತ್ತೆರಡು: ಆರು. ಔಷಧ ಮುಟ್ಟಲಿಲ್ಲ, ಒಬ್ಬ ಹುಡುಗ ಸತ್ತ.
ನಲವತ್ಮೂರು: ಎಂಟು, ಪರವಾನಗಿ ತಗೊಂಡು.
ನಲವತ್ನಾಕು: ಎಂಟು. ಪರವಾನಗಿ ಕೇಳಿದ್ದು ಕಾಣಲಿಲ್ಲ.
ನಡುವ ಕರೆಂಟ್ ಹೋಗಿತ್ತು, ಆವಾಗ ಕೇಳಿರಬಹುದು.
ಐವತ್ತೊಂದು: ಹನ್ನೊಂದು.
ಆಮ್ಯಾಲ ಮುದುಕಿ ಹೆಸರು ಸುದ್ದಾ ಯಾರೂ ತೆಗೀಲಿಲ್ಲ.

ಅಪ್ಪ ಜಟ್ಟೆಪ್ಪ, ಹಳಿ ಕಾಯೋ ಕೀಮ್ಯಾನ್.
ಹೆಗಲ ಮ್ಯಾಲ ಸುತ್ತಿಗಿ, ಕಾಲಾಗ ದಿನಾ ಹದಿನಾಕು ಕಿಲೋಮೀಟರು.
ಡೈರಿ ನೋಡಿ ನಗ್ತಾನಂತ ಮಾಡಿದ್ದೆ.
"ಬೋರ್ಡ್ ಯಾರು ಕಿತ್ಯಾರ?" ಅಂದ.
ಯಾರೂ ಕಿತ್ತಿಲ್ಲಪ್ಪ, ಮರ್ತಾರ.
"ಮರ್ತ್ರ ಹ್ಯಾಂಗ ನಡೀತದ?
ಹಚ್ಚಿದ ಮಿತಿ ತೆಗೀಬೇಕಂದ್ರ ಒಬ್ಬವ ಬರ್ಬೇಕು,
ಹಳಿ ಬಡದು ಕಿವಿಗೊಟ್ಟು ಕೇಳ್ಬೇಕು, ಸಹಿ ಹಾಕ್ಬೇಕು.
ಅಲ್ಲಿ ತನಾ ಅದು ಇದ್ದಂಗೇ ಅದ."
ಹಿಂಗಂದು ಪುಂಡಿಪಲ್ಯ ರೊಟ್ಟಿ ಉಣ್ಲಾಕ ಕುಂತ.

ಈಗ ಇದೇ ಜಂಕ್ಷನ್‌ದಾಗ ನನ್ನ ರಾತ್ರಿ ಪಾಳಿ,
ಕಾಶನ್ ಆರ್ಡರ್ ಬರದು ಡ್ರೈವರಗೋಳಿಗಿ ಕೊಡ್ತೀನಿ.
ಎಲ್ಲಿಂದ, ಎಲ್ಲಿ ತನಾ, ಎಷ್ಟು ವೇಗ, ಯಾಕ.
ಕಾಗಿಣಾ ಸೇತುವೆ ಮ್ಯಾಲ ಇಪ್ಪತ್ತು.
ಯಾಕ ಅನ್ನೋ ಖಾನಿ ಖಾಲಿ ಅದ, ನಾ ಬರೋದ್ಕ ಮೊದಲಿಂದ.
ತೆಗೀಬಾರದೇನು ಇದನ್ನ, ಗಾಡಿಗೋಳು ತಡ ಆಗ್ತಾವ,
ಅಂತಾರ ಮ್ಯಾಲಿನವರು.
ಬಡದು ನೋಡ್ರಿ, ಸಹಿ ಹಾಕ್ರಿ, ಅಂತೀನಿ.
ಯಾರೂ ಹಾಕಂಗಿಲ್ಲ.

ಕಥಿ ಬರದವರ ಮ್ಯಾಲ ಸಿಟ್ಟಿಲ್ಲ ನನಗ.
ವಾರಕ್ಕೊಂದು ಗ್ರಹ ಮುಟ್ಟಿಸಬೇಕಿತ್ತು ಅವರಿಗಿ,
ಮೆಲ್ಲಕ ಹೋದ್ರ ಸಾಬಾಣದ ಜಾಹೀರಾತು ಕಾಯ್ತದೇನು.
ಆದ್ರ ಆಕಿ ಹೊಳ್ಳಿ ಹೋಗಿ
ಊರಾಗ ಏನಂತ ಹೇಳಿರಬೇಕು?
ಕೇಳಿದ್ರು, ಟೋಪಿ ತೆಗದ್ರು, ಅಂತನಾ?

ನಿನ್ನಿ ರಾತ್ರಿ ಎರಡೂವರಿಗಿ
ಒಂದು ಫಾರಂ ಹೆಚ್ಚಿಗಿ ಉಳದಿತ್ತು. ಬರದೆ:
ಎಲ್ಲಿಂದ, ಸಣ್ಣ ಗ್ರಹದ ಅಂಚು.
ಎಲ್ಲಿ ತನಾ, ಗೊತ್ತಿಲ್ಲ.
ವೇಗ, ಆರು.
ಯಾಕ, ಆಕಾಶ ಎಳೆ ಬಿಟ್ಟದ.

ಸಿಮೆಂಟ್ ಗಾಡಿ ಮಶಾಕ್‌ಸಾಬರು ಚಾ ಕುಡಕೋತ
ಕಟ್ಟಿನ್ಯಾಗ ಇದನ್ನೂ ಓದಿದ್ರು, ಕನ್ನಡಕ ಏರಿಸಿ.
ನಗಲಿಲ್ಲ.
"ಬೋರ್ಡ್ ಹಚ್ಯಾರೇನವಾ ಅಲ್ಲಿ?"
ಇಲ್ರಿ.
"ಮತ್ತ ಕತ್ತಲದಾಗ ಯಾರಿಗಿ ಕಾಣ್ಬೇಕು" ಅಂತ ಗೊಣಗಿ
ಸಹಿ ಹಾಕಿ, ಒಂದು ಪ್ರತಿ ಕಿಸೇದಾಗ ಇಟಗೊಂಡ್ರು.

ಗಾಡಿ ಬಿಡ್ತು.
ಕಾಗಿಣಾ ಇಲ್ಲಿ ತನಾ ಕೇಳಂಗಿಲ್ಲ.
ಆದ್ರೂ ಖಿಡಕಿ ತೆಗದು, ಗಡಿಯಾರ ನೋಡಿ,
ಈಗ ಸೇತುವೆ ಅಂದುಕೊಂಡು
ಐವತ್ತೆಂಟು ವ್ಯಾಗನ್
ಒಂದೊಂದೇ ದಾಟಿಸಿದೆ.